ಬಿಟ್ಟ ಓದನ್ನು ಮತ್ತೆ ಹಿಡಿಯುವವರಿಗೆ: ಎಸ್ಸೆಸ್ಸೆಲ್ಸಿ ಬೋರ್ಡೋ, ಎನ್‌ಐಒಎಸ್ಸೋ, ಮುಕ್ತ ವಿವಿಯೋ?

ಮೂವತ್ತೈದು, ನಲವತ್ತು ದಾಟಿದವರು ಮತ್ತೆ ಓದಲು ಹೊರಟಾಗ ಮೊದಲು ಕೇಳುವುದು ‘ಯಾವುದು ಸುಲಭ?’ ಎಂದು. ಆ ಪ್ರಶ್ನೆಯಿಂದ ಶುರು ಮಾಡಿದವರು ಎಷ್ಟೋ ಸಲ ದುಡ್ಡು ಕಟ್ಟಿ, ಪಾಸೂ ಆಗಿ, ಕೊನೆಗೆ ಬೇಕಾದ ಕಡೆ ಆ ಕಾಗದ ನಡೆಯದೆ ಕೈಚೆಲ್ಲುತ್ತಾರೆ. ಮೊದಲು ತಿಳಿಯಬೇಕಾದದ್ದು ಎರಡು. ಈ ಸರ್ಟಿಫಿಕೇಟನ್ನು ಯಾರ ಟೇಬಲ್ಲಿನ ಮೇಲೆ ಇಡಬೇಕು? ಅಂದು ಓದು ನಿಂತದ್ದು ಯಾವ ವಿಷಯದಲ್ಲಿ? ಇವೆರಡಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ತಾನಾಗಿಯೇ ಆಗಿಹೋಗುತ್ತದೆ.

ಕಾಗದ ಯಾರಿಗಾಗಿ ಎಂಬುದನ್ನು ಬಿಡಿಸಿ ನೋಡಿ. ಓದಿಗೆ ವಯಸ್ಸಿನ ಮಿತಿ ಇಲ್ಲ, ಆದರೆ ಕೆಲಸಕ್ಕೆ ಇದೆ. ಅಂಗನವಾಡಿ ಸಹಾಯಕಿ ಹುದ್ದೆಗೆ ಎಸ್ಸೆಸ್ಸೆಲ್ಸಿ, ಕಾರ್ಯಕರ್ತೆ ಹುದ್ದೆಗೆ ಪಿಯುಸಿ ಕೇಳುತ್ತಾರೆ. ಸಾಮಾನ್ಯ ವಯೋಮಿತಿ 19ರಿಂದ 35. ಮೂವತ್ಮೂರರ ಹೆಣ್ಣುಮಗಳು ಹತ್ತನೇ ತರಗತಿಯಿಂದ ಶುರು ಮಾಡಿ ಕಾರ್ಯಕರ್ತೆಯಾಗುವ ಲೆಕ್ಕ ಹಾಕಿದರೆ ವರ್ಷಗಳನ್ನು ಕೂಡಿ ನೋಡಲೇಬೇಕು, ಸಹಾಯಕಿ ಹುದ್ದೆಯ ಲೆಕ್ಕವಾದರೆ ಹೊಂದುತ್ತದೆ. ಸರ್ಕಾರಿ ಕಚೇರಿಯ ಡಿ ಗ್ರೂಪ್ ನೌಕರರಿಗೆ ಬಡ್ತಿಗಾಗಿ ಬೇಕಾದರೆ ವಯಸ್ಸಿನ ತೊಡಕಿಲ್ಲ, ಆದರೆ ಸೇರುವ ಮೊದಲೇ ಇಲಾಖೆಯಿಂದ ಲಿಖಿತ ಅನುಮತಿ ಪಡೆದಿರಬೇಕು. ಓದಿ ಮುಗಿಸಿದ ಮೇಲೆ ಅನುಮತಿ ಕೇಳಿದರೆ ಸೇವಾ ಪುಸ್ತಕಕ್ಕೆ ಏರಿಸಲು ತಕರಾರು ಬರುತ್ತದೆ. ಮಂಗಳೂರು, ಉಡುಪಿ, ಭಟ್ಕಳ ಕಡೆಯಿಂದ ಗಲ್ಫಿಗೆ ಹೋಗುವವರ ಕಥೆ ಬೇರೆ. ಹತ್ತನೇ ತರಗತಿ ಪಾಸಾದ ಅಂಕಪಟ್ಟಿ ಇದ್ದರೆ ಪಾಸ್‌ಪೋರ್ಟ್ ಇಸಿಆರ್ (ವಲಸೆ ಅನುಮತಿ ಬೇಕಾದ) ವರ್ಗದಿಂದ ಹೊರಬರುತ್ತದೆ. ಕೊಲ್ಲಿ ದೇಶಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು ವಲಸೆ ಅನುಮತಿಯ ಕಿರಿಕಿರಿ ತಪ್ಪುತ್ತದೆ. ಅವರಿಗೆ ಅಂಕ ಎಷ್ಟು ಬಂತು ಎನ್ನುವುದಕ್ಕಿಂತ ಮಾನ್ಯ ಬೋರ್ಡಿನಿಂದ ಪಾಸಾದದ್ದು ಮುಖ್ಯ.

ಮೊದಲು ಹಳೆಯ ಅಂಕಪಟ್ಟಿ ಹುಡುಕಿ

ಓದು ಬಿಟ್ಟವರು ಎಂದರೆ ಎಲ್ಲರೂ ಒಂದೇ ಅಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಗಣಿತದಲ್ಲೋ ಇಂಗ್ಲಿಷಿನಲ್ಲೋ ಫೇಲಾದವರು ಒಂದು ಬಗೆ. ಏಳು, ಎಂಟಕ್ಕೇ ಶಾಲೆ ಬಿಟ್ಟವರು ಇನ್ನೊಂದು ಬಗೆ. ಮೊದಲನೆಯವರು ಹೊಸದಾಗಿ ಎಲ್ಲಿಗೋ ಸೇರುವ ಮೊದಲು ತಾವು ಓದಿದ ಹೈಸ್ಕೂಲಿಗೇ ಹೋಗಬೇಕು. ರಿಪೀಟರ್‌ಗಳ ಅರ್ಜಿ ಹೋಗುವುದು ಆ ಶಾಲೆಯ ಮೂಲಕವೇ. ಪಾಸಾದ ವಿಷಯ ಪಾಸಾದದ್ದೇ, ಉಳಿದದ್ದನ್ನಷ್ಟೇ ಬರೆದರೆ ಸಾಕು ಎನ್ನುವುದು ಪದ್ಧತಿ. ಆದರೆ ಹದಿನೈದು, ಇಪ್ಪತ್ತು ವರ್ಷದಲ್ಲಿ ಪಠ್ಯ ಹಲವು ಸಲ ಬದಲಾಗಿದೆ. ಹಳೆಯ ಪುಸ್ತಕ ಹಿಡಿದು ಕೂತರೆ ಪ್ರಶ್ನೆಪತ್ರಿಕೆ ಅಪರಿಚಿತವಾಗಿ ಕಾಣುತ್ತದೆ. ಹಳೆಯ ನೋಂದಣಿ ಸಂಖ್ಯೆ, ಬರೆದ ವರ್ಷ ಮತ್ತು ತಿಂಗಳು, ಯಾವ ವಿಷಯದಲ್ಲಿ ಎಷ್ಟು ಬಂದಿತ್ತು ಎಂಬುದನ್ನು ಬರೆದುಕೊಂಡು ಹೋದರೆ ಗುಮಾಸ್ತರು ದಾಖಲೆ ತೆಗೆಯುವುದು ಬೇಗ ಆಗುತ್ತದೆ. ಶಾಲೆ ಮುಚ್ಚಿದ್ದರೆ ದಾಖಲೆ ಎಲ್ಲಿ ಸೇರಿದೆ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಅಂಕಪಟ್ಟಿ ಕಳೆದಿದ್ದರೆ ನಕಲು ಪ್ರತಿಗೂ ಶಾಲೆಯ ಮೂಲಕವೇ ಬೋರ್ಡಿಗೆ ಅರ್ಜಿ.

ಒಂದೋ ಎರಡೋ ವಿಷಯ ಮಾತ್ರ ಬಾಕಿ ಇದ್ದವರು ಬೇರೆಲ್ಲಿಗೋ ಹೋಗಿ ಐದು ವಿಷಯ ಹೊಸದಾಗಿ ಬರೆಯುವುದರಲ್ಲಿ ಅರ್ಥವಿಲ್ಲ. ಬಾಕಿ ಅದಕ್ಕಿಂತ ಹೆಚ್ಚಿದ್ದರೆ ಅಥವಾ ಪರೀಕ್ಷೆಯನ್ನೇ ಬರೆದಿಲ್ಲದಿದ್ದರೆ ಮಾತ್ರ ಮುಂದಿನ ಹೋಲಿಕೆ ಓದಿ.

ಓದಲು ಬರೆಯಲೇ ಬಾರದವರು ನೇರ ಎಸ್ಸೆಸ್ಸೆಲ್ಸಿಗೆ ಹಾರಬಾರದು. 2022ರಿಂದ ನಡೆಯುತ್ತಿರುವ ನವಭಾರತ ಸಾಕ್ಷರತಾ ಕಾರ್ಯಕ್ರಮ ‘ಉಲ್ಲಾಸ್’ 15 ವರ್ಷ ಮೇಲ್ಪಟ್ಟವರಿಗೆ ಓದು, ಬರಹ, ಲೆಕ್ಕ ಕಲಿಸಿ ಪರೀಕ್ಷೆ ಇಟ್ಟು ಪ್ರಮಾಣಪತ್ರ ಕೊಡುತ್ತದೆ. ಅದಾದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಾದ ಎನ್‌ಐಒಎಸ್‌ನ ಮುಕ್ತ ಮೂಲ ಶಿಕ್ಷಣ ಇದೆ: ಎ ಹಂತ 3ನೇ ತರಗತಿಗೆ, ಬಿ ಹಂತ 5ಕ್ಕೆ, ಸಿ ಹಂತ 8ಕ್ಕೆ ಸಮ.

ಬೋರ್ಡಿನ ಖಾಸಗಿ ಅಭ್ಯರ್ಥಿ ಮತ್ತು ಎನ್‌ಐಒಎಸ್: ನಿಜವಾದ ವ್ಯತ್ಯಾಸ

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಲ್ಲಿ ಶಾಲೆಗೆ ಹೋಗದೆಯೇ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯಬಹುದು. ಎನ್‌ಐಒಎಸ್ ಎಂದರೆ 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯಾಗಿ ಶುರುವಾದ ಕೇಂದ್ರ ಸರ್ಕಾರದ ಬೋರ್ಡು. ಬೆಂಗಳೂರಿನಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಎರಡರ ಪ್ರಮಾಣಪತ್ರವೂ ಮುಂದಿನ ಓದಿಗೆ ನಡೆಯುತ್ತದೆ. ‘ಎನ್‌ಐಒಎಸ್ ಎಂದರೆ ಕಡಿಮೆ ದರ್ಜೆ’ ಎನ್ನುವ ಮಾತಿಗೆ ಆಧಾರವಿಲ್ಲ. ಹಾಗಾದರೆ ಆಯ್ಕೆ ಎಲ್ಲಿ ನಿಂತಿದೆ? ವಿಷಯಗಳಲ್ಲಿ ಮತ್ತು ಭಾಷೆಯಲ್ಲಿ.

ರಾಜ್ಯ ಬೋರ್ಡಿನಲ್ಲಿ ಆರು ವಿಷಯ: ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ಒಟ್ಟು 625 ಅಂಕ. ಗಣಿತ ಬೇಡ ಎನ್ನುವಂತಿಲ್ಲ. ಎನ್‌ಐಒಎಸ್‌ನಲ್ಲಿ ಐದು ವಿಷಯ ಸಾಕು, ಬೇಕೆಂದರೆ ಏಳರವರೆಗೆ ತೆಗೆದುಕೊಳ್ಳಬಹುದು. ಐದರಲ್ಲಿ ಒಂದಾದರೂ ಭಾಷೆ ಇರಬೇಕು, ಎರಡಕ್ಕಿಂತ ಹೆಚ್ಚು ಭಾಷೆ ಇರುವಂತಿಲ್ಲ. ಗಣಿತ ಕಡ್ಡಾಯವಲ್ಲ. ಕನ್ನಡ, ಸಮಾಜ ವಿಜ್ಞಾನ, ಗೃಹ ವಿಜ್ಞಾನ, ವ್ಯವಹಾರ ಅಧ್ಯಯನ, ಡೇಟಾ ಎಂಟ್ರಿ ಎಂದು ಐದು ಜೋಡಿಸಿಕೊಂಡರೆ ಆಯಿತು. ಗಣಿತವೊಂದೇ ಕಾರಣಕ್ಕೆ ಇಪ್ಪತ್ತು ವರ್ಷ ಹಿಂದೆ ಉಳಿದವರಿಗೆ ಇದು ದೊಡ್ಡ ಬಿಡುಗಡೆ.

ಆದರೆ ಆ ಬಿಡುಗಡೆಗೆ ಬೆಲೆ ಇದೆ. ಮುಂದೆ ಪಾಲಿಟೆಕ್ನಿಕ್, ಐಟಿಐನ ತಾಂತ್ರಿಕ ಟ್ರೇಡುಗಳು, ನರ್ಸಿಂಗ್ ಕಡೆ ಹೋಗುವ ಆಸೆ ಸ್ವಲ್ಪವಾದರೂ ಇದ್ದರೆ ಗಣಿತ, ವಿಜ್ಞಾನ ಬಿಟ್ಟ ಹತ್ತನೇ ತರಗತಿ ಅಲ್ಲಿ ಅಡ್ಡ ಬರುತ್ತದೆ. ಅಂಥವರು ಎನ್‌ಐಒಎಸ್ ಆದರೂ ಗಣಿತ, ವಿಜ್ಞಾನವನ್ನು ಐದರೊಳಗೇ ಇಟ್ಟುಕೊಳ್ಳಲಿ. ಕರ್ನಾಟಕದಲ್ಲೇ ಕೆಲಸ ಹುಡುಕುವವರು ಕನ್ನಡವನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳದೆ ಬಿಡಬಾರದು. ಇಂಗ್ಲಿಷ್ ಮತ್ತು ಹಿಂದಿ ತೆಗೆದುಕೊಂಡು ಕನ್ನಡ ಬಿಟ್ಟವರಿಗೆ ಆಮೇಲೆ ‘ಕನ್ನಡ ಓದಿದ್ದೀರಾ?’ ಎಂಬ ಕಾಲಂ ಎದುರಾಗುತ್ತದೆ.

ಇನ್ನು ಭಾಷೆ. ಬೋರ್ಡಿನಲ್ಲಿ ಎಲ್ಲ ವಿಷಯವನ್ನೂ ಕನ್ನಡದಲ್ಲಿ ಓದಿ ಕನ್ನಡದಲ್ಲೇ ಬರೆಯಬಹುದು. ಪುಸ್ತಕ ಪೇಟೆಯಲ್ಲಿ ಸಿಗುತ್ತದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಪುಕ್ಕಟೆ ಇಳಿಸಿಕೊಳ್ಳಬಹುದು. ಯೂಟ್ಯೂಬಿನಲ್ಲಿ ಪಾಠಗಳಿವೆ, ಮನೆಯಲ್ಲಿ ಹತ್ತನೇ ಓದುವ ಮಗನೋ ಮಗಳೋ ಇದ್ದರೆ ಟ್ಯೂಷನ್ನೇ ಬೇಡ. ಎನ್‌ಐಒಎಸ್‌ನಲ್ಲಿ ಕನ್ನಡ ಒಂದು ವಿಷಯವಾಗಿ ಇದೆ. ಆದರೆ ಉಳಿದ ವಿಷಯಗಳ ಸಾಮಗ್ರಿ ಸಮೃದ್ಧವಾಗಿ ಸಿಗುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡದಲ್ಲೇ ಉತ್ತರ ಬರೆಯಬೇಕೆನ್ನುವವರು ಆ ವರ್ಷದ ಪ್ರಾಸ್ಪೆಕ್ಟಸ್‌ನಲ್ಲಿ ಮಾಧ್ಯಮಗಳ ಪಟ್ಟಿ ನೋಡಿ, ತಮ್ಮ ಐದೂ ವಿಷಯದ ಪುಸ್ತಕ ಆ ಭಾಷೆಯಲ್ಲಿ ಕಣ್ಣಿಗೆ ಬಿದ್ದ ಮೇಲಷ್ಟೇ ಶುಲ್ಕ ಕಟ್ಟಲಿ. ಮಧ್ಯವರ್ತಿಗಳು ಫಾರಂ ತುಂಬುವಾಗ ಮಾಧ್ಯಮದ ಜಾಗದಲ್ಲಿ ಕೇಳದೆಯೇ ಇಂಗ್ಲಿಷ್ ಒತ್ತಿಬಿಡುತ್ತಾರೆ. ಪುಸ್ತಕದ ಕಟ್ಟು ಮನೆಗೆ ಬಂದಾಗಲೇ ಅದು ಗೊತ್ತಾಗುವುದು.

ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಗಣಿತಕ್ಕೆ ತೀರಾ ಹೆದರದವರಿಗೆ ನಮ್ಮ ಸಲಹೆ ಬೋರ್ಡು. ಗಣಿತ ಕಂಡರೆ ಆಗದು, ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳಬಲ್ಲೆ ಎನ್ನುವವರಿಗೆ ಎನ್‌ಐಒಎಸ್. ಮುಂಬೈ, ಪುಣೆ, ಸೊಲ್ಲಾಪುರ ಅಥವಾ ಗಲ್ಫಿನಲ್ಲಿರುವ ಕನ್ನಡಿಗರಿಗೂ ಎನ್‌ಐಒಎಸ್ ಅನುಕೂಲ, ಅದರ ಕೇಂದ್ರಗಳು ದೇಶದ ತುಂಬಾ ಇವೆ, ಕೊಲ್ಲಿ ದೇಶಗಳಲ್ಲೂ ಇವೆ.

ಸಮಯ, ಅಂಕ, ಮತ್ತು ಎಡವುವ ಜಾಗ

ಬೋರ್ಡಿನ ಮುಖ್ಯ ಪರೀಕ್ಷೆ ಮಾರ್ಚ್–ಏಪ್ರಿಲ್‌ನಲ್ಲಿ. 2024ರಿಂದ ಪರೀಕ್ಷೆ-1, ಪರೀಕ್ಷೆ-2 ಎಂದು ಒಂದೇ ವರ್ಷದಲ್ಲಿ ಮತ್ತೆ ಬರೆಯುವ ಅವಕಾಶವಿದೆ, ಹಿಂದಿನಂತೆ ಒಮ್ಮೆ ಫೇಲಾದರೆ ಕಾದು ಕೂರಬೇಕಿಲ್ಲ. ಆದರೆ ಖಾಸಗಿ ಅಭ್ಯರ್ಥಿಗಳ ನೋಂದಣಿ ಹಿಂದಿನ ಕ್ಯಾಲೆಂಡರ್ ವರ್ಷದಲ್ಲೇ ಆಗಿಹೋಗುತ್ತದೆ. ಜನವರಿಯಲ್ಲಿ ಮನಸ್ಸು ಮಾಡಿದವರಿಗೆ ಆ ವರ್ಷ ತಪ್ಪಿತು. ಗಣಪತಿ ಹಬ್ಬದ ಹೊತ್ತಿಗೆ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಈ ವರ್ಷದ ನೋಂದಣಿ ಕೇಂದ್ರ ಯಾವುದು ಎಂದು ಕೇಳಿಟ್ಟುಕೊಳ್ಳಿ, ಮಂಡಳಿಯ ಜಾಲತಾಣವನ್ನೂ ನೋಡುತ್ತಿರಿ.

2025-26ರಿಂದ ಪಾಸಿನ ಮಟ್ಟ ಇಳಿದಿದೆ: ಒಟ್ಟಾರೆ 33 ಶೇಕಡ, ಅಂದರೆ 625ಕ್ಕೆ 206, ಜೊತೆಗೆ ಪ್ರತಿ ವಿಷಯದಲ್ಲೂ ಕನಿಷ್ಠ 30. ಇದರ ಮರ್ಮ ಗಮನಿಸಿ. ಗಣಿತದಲ್ಲಿ 30 ಬಂದರೆ ಸಾಕು, ಕೊರತೆಯನ್ನು ಕನ್ನಡ ಮತ್ತು ಸಮಾಜ ತುಂಬುತ್ತವೆ. ಆದರೆ ಶಾಲೆಗೆ ಹೋಗುವ ಮಕ್ಕಳಿಗೆ ಪ್ರಥಮ ಭಾಷೆಯಲ್ಲಿ 25, ಉಳಿದ ವಿಷಯಗಳಲ್ಲಿ 20 ಆಂತರಿಕ ಅಂಕ ವರ್ಷದುದ್ದಕ್ಕೂ ಜಮೆಯಾಗುತ್ತಿರುತ್ತದೆ. ಖಾಸಗಿಯಾಗಿ ಕೂರುವವರಿಗೆ ಆ ಆಸರೆ ಇಲ್ಲ. ಭಾರವೆಲ್ಲ ಪರೀಕ್ಷೆಯ ದಿನದ ಬರವಣಿಗೆ ಮೇಲೆ.

ಎನ್‌ಐಒಎಸ್‌ನಲ್ಲಿ ವರ್ಷಕ್ಕೆ ಎರಡು ಸಾರ್ವಜನಿಕ ಪರೀಕ್ಷೆ: ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್. ಮಾರ್ಚ್ ಮಧ್ಯದಿಂದ ಜುಲೈವರೆಗೆ ಸೇರಿದವರಿಗೆ ಮುಂದಿನ ಏಪ್ರಿಲ್ ಪರೀಕ್ಷೆ, ಸೆಪ್ಟೆಂಬರ್ ಮಧ್ಯದಿಂದ ಜನವರಿವರೆಗೆ ಸೇರಿದವರಿಗೆ ಮುಂದಿನ ಅಕ್ಟೋಬರ್ ಪರೀಕ್ಷೆ. ನೋಂದಣಿ ಐದು ವರ್ಷ ಜೀವಂತ. ಅಷ್ಟರಲ್ಲಿ ಒಂಬತ್ತು ಸಲ ಪರೀಕ್ಷೆಗೆ ಕೂರಬಹುದು. ಈ ಸಲ ಎರಡು ವಿಷಯ, ಆರು ತಿಂಗಳಿಗೆ ಇನ್ನೆರಡು ಎಂದು ಹಂಚಿಕೊಳ್ಳಬಹುದಾದ್ದರಿಂದ ಪಾಳಿಯಲ್ಲಿ ದುಡಿಯುವವರಿಗೆ, ಚಿಕ್ಕ ಮಕ್ಕಳಿರುವವರಿಗೆ ಇದು ಹೊಂದುತ್ತದೆ. ಪ್ರವೇಶ ಶುಲ್ಕ ಬೇರೆ, ಪ್ರತಿ ಸಲದ ಪರೀಕ್ಷಾ ಶುಲ್ಕ ಬೇರೆ ಎಂಬುದನ್ನು ಮರೆಯಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಮಾಜಿ ಸೈನಿಕರಿಗೆ ಪ್ರವೇಶ ಶುಲ್ಕದಲ್ಲಿ ರಿಯಾಯಿತಿ ಇದೆ.

ಎಂಟನೇ ತರಗತಿಯ ಕಾಗದ ಇಲ್ಲದಿದ್ದರೂ ‘ಸೆಕೆಂಡರಿ ಕೋರ್ಸ್ ಓದುವಷ್ಟು ಕಲಿತಿದ್ದೇನೆ’ ಎಂಬ ಸ್ವಯಂ ಘೋಷಣೆಯ ಮೇಲೆ ಎನ್‌ಐಒಎಸ್ ಹತ್ತನೇ ತರಗತಿಗೆ ಸೇರಿಸಿಕೊಳ್ಳುತ್ತದೆ. ಹುಟ್ಟಿದ ದಿನಾಂಕದ ದಾಖಲೆ ಮಾತ್ರ ಬೇಕೇ ಬೇಕು. ಬೇರೆ ಬೋರ್ಡಿನಲ್ಲಿ ಪಾಸಾದ ವಿಷಯಗಳಿದ್ದರೆ ಗರಿಷ್ಠ ಎರಡರ ಅಂಕ ವರ್ಗಾವಣೆಗೆ ಅವಕಾಶವಿದೆ. ಅದನ್ನು ಪ್ರವೇಶದ ಅರ್ಜಿಯಲ್ಲೇ ಕೇಳಬೇಕು. ನಿಮ್ಮ ಅಂಕಪಟ್ಟಿ ತೀರಾ ಹಳೆಯದಾದರೆ ಪ್ರಾದೇಶಿಕ ಕೇಂದ್ರದಲ್ಲಿ ತೋರಿಸಿ, ನಡೆಯುತ್ತದೆ ಎಂದು ಖಾತ್ರಿ ಮಾಡಿಕೊಂಡೇ ವಿಷಯ ಆರಿಸಿ.

ಇಲ್ಲಿ ಜನ ಅಂಕ ಕಳೆದುಕೊಳ್ಳುವುದು ಟಿಎಂಎ (ಟ್ಯೂಟರ್ ಮಾರ್ಕ್ಡ್ ಅಸೈನ್‌ಮೆಂಟ್) ಎಂಬ, ಮನೆಯಲ್ಲೇ ಬರೆದು ಕೊಡುವ ಕೆಲಸದಲ್ಲಿ. ವಿಷಯಕ್ಕೊಂದು ಅಸೈನ್‌ಮೆಂಟ್, ಅದಕ್ಕೆ 20 ಶೇಕಡ ತೂಕ. ಪುಸ್ತಕ ಎದುರಿಗಿಟ್ಟುಕೊಂಡೇ ಬರೆಯಬಹುದಾದದ್ದು, ಆದರೂ ಕೊನೆಯ ದಿನಾಂಕ ದಾಟಿಸಿ ಅಷ್ಟೂ ಅಂಕ ಬಿಟ್ಟುಕೊಡುವವರು ಬಹಳ. ಹಾಗೆಂದು ಟಿಎಂಎ ಅಂಕ ಥಿಯರಿಯನ್ನು ಎತ್ತಿ ನಿಲ್ಲಿಸುತ್ತದೆ ಎಂದುಕೊಳ್ಳಬೇಡಿ: ಥಿಯರಿಯಲ್ಲಿ ಪ್ರತ್ಯೇಕವಾಗಿ 33 ಶೇಕಡ ಬರಬೇಕು, ಪ್ರಾಯೋಗಿಕ ಇರುವ ವಿಷಯದಲ್ಲಿ ಅದರಲ್ಲೂ ಬೇರೆಯಾಗಿ ಪಾಸಾಗಬೇಕು. ಗೃಹ ವಿಜ್ಞಾನ, ಡೇಟಾ ಎಂಟ್ರಿಯಂಥವನ್ನು ‘ಸುಲಭ’ ಎಂದು ಆರಿಸಿ ಪ್ರಾಯೋಗಿಕ ಪರೀಕ್ಷೆಯ ದಿನ ಕೇಂದ್ರಕ್ಕೆ ಹೋಗದೆ ಗೈರುಹಾಜರಾದರೆ ಥಿಯರಿಯ ಅಂಕವೂ ಕೈಗೆ ಹತ್ತದು.

ಗಣಿತದಲ್ಲಿ 30 ಎತ್ತುವುದು ಹೇಗೆ

ಬೋರ್ಡು ಆರಿಸಿದವರಿಗೆ ಇದೇ ಹೊಸ್ತಿಲು. ಮೊದಲ ಅಧ್ಯಾಯದಿಂದ ಕೊನೆಯವರೆಗೆ ಓದುವ ಹಟ ಬೇಡ. ಎಂಟನೇ ತರಗತಿಯ ಪುಸ್ತಕದಿಂದ ಧನ, ಋಣ ಚಿಹ್ನೆಗಳ ಕೂಡು-ಕಳೆ, ಭಿನ್ನರಾಶಿ, ಸರಳ ಸಮೀಕರಣ ಇಷ್ಟನ್ನು ಮೂರು ನಾಲ್ಕು ವಾರ ತಿದ್ದಿ. ದೊಡ್ಡವರು ಹತ್ತನೇ ಗಣಿತದಲ್ಲಿ ಎಡವುವುದು ಹೆಚ್ಚಾಗಿ ಇದೇ ಚಿಹ್ನೆಯ ತಪ್ಪಿನಿಂದ, ಹೊಸ ಸೂತ್ರದಿಂದಲ್ಲ. ಆಮೇಲೆ ಸಂಖ್ಯಾಶಾಸ್ತ್ರದ ಸರಾಸರಿ ಮತ್ತು ಮಧ್ಯಾಂಕ, ಸಮಾಂತರ ಶ್ರೇಢಿ, ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳು, ಸಂಭವನೀಯತೆ, ದೂರದ ಸೂತ್ರ. ಇವುಗಳ ಲೆಕ್ಕ ಒಂದೇ ಅಚ್ಚಿನಲ್ಲಿ ಮತ್ತೆ ಮತ್ತೆ ಬರುತ್ತವೆ.

ನಕ್ಷೆಯ ಲೆಕ್ಕವನ್ನೇ ನೋಡಿ. ಎರಡು ಸಮೀಕರಣ ಕೊಟ್ಟು ನಕ್ಷೆಯಿಂದ ಬಿಡಿಸಿ ಎನ್ನುತ್ತಾರೆ. ಪ್ರತಿ ಸಮೀಕರಣಕ್ಕೂ ಪುಟ್ಟ ಕೋಷ್ಟಕ ಹಾಕಿ ಮೂರು ಬಿಂದು ತೆಗೆಯಿರಿ; ಎರಡು ಸಾಕು, ಆದರೆ ಮೂರನೆಯದು ಅದೇ ಗೆರೆಯ ಮೇಲೆ ಕೂರದಿದ್ದರೆ ಲೆಕ್ಕ ತಪ್ಪಿದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಅಕ್ಷಗಳಿಗೆ ಹೆಸರು, ಮೂಲೆಯಲ್ಲಿ ಪ್ರಮಾಣ ಬರೆಯಿರಿ. ಚೂಪಾದ ಪೆನ್ಸಿಲಿನಲ್ಲಿ ಎರಡೂ ಗೆರೆಗಳನ್ನು ಒಂದನ್ನೊಂದು ದಾಟುವಷ್ಟು ಉದ್ದ ಎಳೆಯಿರಿ, ಛೇದಿಸಿದ ಬಿಂದುವಿನ ಬೆಲೆಯನ್ನು ಕೆಳಗೆ ಉತ್ತರವಾಗಿ ಬರೆಯಿರಿ. ನಕ್ಷೆ ಚೆನ್ನಾಗಿ ಬಿಡಿಸಿ ಪ್ರಮಾಣ ಮತ್ತು ಉತ್ತರ ಬರೆಯದೆ ಬಿಟ್ಟವರ ಅಂಕ ಸುಮ್ಮನೆ ಹೋಗುತ್ತದೆ.

ಇನ್ನೊಂದು ವಿಷಯ ಕೈ. ವರ್ಷಗಟ್ಟಲೆ ಸಹಿ ಬಿಟ್ಟು ಬೇರೇನೂ ಬರೆಯದ ಬೆರಳು ಮೂರು ಗಂಟೆ ಬರೆದರೆ ಸೆಟೆದುಕೊಳ್ಳುತ್ತದೆ. ಪರೀಕ್ಷೆಗೆ ಎರಡು ತಿಂಗಳ ಮೊದಲಿಂದ ದಿನಾ ಎರಡು ಪುಟ ನಕಲು ಬರೆಯಿರಿ, ಕೊನೆಯ ತಿಂಗಳು ಗಡಿಯಾರ ಇಟ್ಟುಕೊಂಡು ವಾರಕ್ಕೊಂದು ಹಳೆಯ ಪ್ರಶ್ನೆಪತ್ರಿಕೆ ಪೂರ್ತಿ ಬರೆಯಿರಿ. ನಲವತ್ತು ದಾಟಿದವರು ಕಣ್ಣು ಪರೀಕ್ಷೆ ಮಾಡಿಸಿ ಓದುವ ಕನ್ನಡಕ ಮಾಡಿಸಿಕೊಳ್ಳುವುದನ್ನು ಹಾಲ್ ಟಿಕೆಟ್ ಬಂದ ಮೇಲಿನವರೆಗೆ ಮುಂದೂಡಬಾರದು.

ಹತ್ತರಿಂದ ಪಿಯುಸಿಗೆ

ಇಲ್ಲೂ ಅದೇ ಎರಡು ದಾರಿ. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, 600 ಅಂಕ. ಖಾಸಗಿಯಾಗಿ ಕೂರುವವರಿಗೆ ಕಲೆ ಮತ್ತು ವಾಣಿಜ್ಯವೇ ದಾರಿ, ಪ್ರಯೋಗಾಲಯ ಬೇಕಾದ ವಿಜ್ಞಾನ ಅಲ್ಲ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಎನ್ನುವ ಜೋಡಿ ಕನ್ನಡದಲ್ಲಿ ಬರೆಯುವವರಿಗೆ ಒಗ್ಗುತ್ತದೆ. ಎನ್‌ಐಒಎಸ್ ಸೀನಿಯರ್ ಸೆಕೆಂಡರಿಯಲ್ಲಿ ಐದು ವಿಷಯ. ಆದರೆ ಹತ್ತನೆಯದು ಪಾಸಾದದ್ದಕ್ಕೂ ಹನ್ನೆರಡು ಪೂರ್ತಿಯಾಗುವುದಕ್ಕೂ ನಡುವೆ ಎರಡು ವರ್ಷ ಇರಬೇಕು. ‘ಈ ವರ್ಷವೇ ಎರಡೂ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಪದವಿ: ಮುಕ್ತ ವಿವಿ ಆರಿಸುವಾಗ

ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರದ್ದು, ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿವಿ (ಇಗ್ನೋ) 1985ರದ್ದು. ಕನ್ನಡದಲ್ಲಿ ಬಿಎ ಓದಬೇಕೆಂದರೆ ರಾಜ್ಯದ ಮುಕ್ತ ವಿವಿ. ಇಗ್ನೋದ ಬಹುಪಾಲು ಪಾಠ ಇಂಗ್ಲಿಷ್, ಹಿಂದಿಯಲ್ಲಿ. ಇಗ್ನೋದಲ್ಲಿ ಅಸೈನ್‌ಮೆಂಟಿಗೆ 30 ಶೇಕಡ ತೂಕ, ಜೂನ್ ಮತ್ತು ಡಿಸೆಂಬರಿನಲ್ಲಿ ಪರೀಕ್ಷೆ, ಮೂರು ವರ್ಷದ ಬಿಎಯನ್ನು ಆರು ವರ್ಷದವರೆಗೆ ಎಳೆದುಕೊಳ್ಳಬಹುದು. ರಾಜ್ಯದ ಮುಕ್ತ ವಿವಿಗೆ ಕರ್ನಾಟಕದ ಗಡಿಯೇ ಗಡಿ. ಹೊರ ರಾಜ್ಯದಲ್ಲಿ ನೆಲೆಸಿದ ಕನ್ನಡಿಗರಿಗೆ ಇಗ್ನೋ ಅಥವಾ ಆ ರಾಜ್ಯದ ಮುಕ್ತ ವಿವಿ.

2013-14ರಿಂದ ಕೆಲವು ವರ್ಷ ರಾಜ್ಯ ಮುಕ್ತ ವಿವಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ಇರಲಿಲ್ಲ. 2018-19ರಲ್ಲಿ ಮತ್ತೆ ಸಿಕ್ಕಿತು. ಈಗ ಸೇರುವವರಿಗೆ ಅದರಿಂದ ತೊಂದರೆಯಿಲ್ಲ. ಆದರೂ ಯಾವ ವಿವಿಯೇ ಆಗಲಿ, ನೀವು ಸೇರುವ ಕೋರ್ಸಿಗೆ ಆ ವರ್ಷ ಯುಜಿಸಿ ದೂರ ಶಿಕ್ಷಣ ವಿಭಾಗದ ಅನುಮತಿ ಇದೆಯೇ ಎಂದು ಅದರ ಜಾಲತಾಣದಲ್ಲಿ ನೋಡಿಕೊಳ್ಳಿ. ಅನುಮತಿ ಇರುವ ದೂರ ಶಿಕ್ಷಣದ ಪದವಿ ಕಾಲೇಜಿನ ಪದವಿಗೆ ಸಮ ಎಂದು ಯುಜಿಸಿಯೇ 2022ರಲ್ಲಿ ಸ್ಪಷ್ಟಪಡಿಸಿದೆ. ಎಂಜಿನಿಯರಿಂಗ್, ನರ್ಸಿಂಗ್, ಕಾನೂನು ಇವನ್ನು ಅಂಚೆಯಲ್ಲಿ ಓದಿಸುತ್ತೇವೆ ಎನ್ನುವವರನ್ನು ನಂಬಲೇಬೇಡಿ.

ಪಿಯುಸಿ ಹಾರಿ ನೇರ ಪದವಿ ಮಾಡುವ ದಾರಿಗಳು ಒಂದು ಕಾಲಕ್ಕೆ ಜನಪ್ರಿಯವಾಗಿದ್ದವು. ಇಗ್ನೋದ ಆರು ತಿಂಗಳ ಪೂರ್ವಸಿದ್ಧತಾ ಕೋರ್ಸ್ ಅಂಥದ್ದು. ಅದು ಪಿಯುಸಿಗೆ ಸಮವಲ್ಲ. ನೇಮಕಾತಿ ಮತ್ತು ಬಡ್ತಿಯಲ್ಲಿ ‘ಹತ್ತು, ಹನ್ನೆರಡು, ಪದವಿ’ ಎಂಬ ಸರಪಳಿ ಕೇಳುವ ಕಡೆ ತಡೆ ಬೀಳುತ್ತದೆ. ಬುನಾದಿಯಿಲ್ಲದ ಮುಕ್ತ ವಿವಿ ಪದವಿಗಳ ವಿಷಯ 2009ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿ ಅಭ್ಯರ್ಥಿಗಳ ವಿರುದ್ಧವೇ ತೀರ್ಮಾನವಾಗಿದೆ. ಎರಡು ವರ್ಷ ಉಳಿಸಲು ಹೋಗಿ ಮೂರು ವರ್ಷದ ಪದವಿಯನ್ನು ಗಂಡಾಂತರಕ್ಕೆ ಒಡ್ಡಬೇಡಿ.

ಹೆಸರು, ಹುಟ್ಟಿದ ದಿನ

ಅರ್ಜಿ ಯಾವುದೇ ಇರಲಿ, ತಗಾದೆ ಹುಟ್ಟುವುದು ಇಲ್ಲಿಂದ. ಶಾಲೆಯ ದಾಖಲಾತಿಯಲ್ಲಿ ‘ಮಂಜುಳಾ ಕೆ.’, ಆಧಾರಿನಲ್ಲಿ ‘ಮಂಜುಳಾ ರಮೇಶ್’. ಹುಟ್ಟಿದ ದಿನ ಅಂದಿನ ಹೆಡ್‌ಮಾಸ್ಟರು ಬರೆದ ಜೂನ್ 1, ಆಧಾರಿನಲ್ಲಿ ಜನವರಿ 1. ಹತ್ತನೇ ತರಗತಿಯ ಅಂಕಪಟ್ಟಿಯೇ ಮುಂದೆ ಹುಟ್ಟಿದ ದಿನಕ್ಕೆ ಪುರಾವೆಯಾಗುವುದರಿಂದ ಅದು ಅಚ್ಚಾದ ಮೇಲೆ ತಿದ್ದಿಸುವುದು ಬಹಳ ಕಷ್ಟ. ಹಳೆಯ ಟಿಸಿ ಇದ್ದರೆ ಅದರಲ್ಲಿರುವ ಹೆಸರು, ದಿನಾಂಕವನ್ನೇ ಮೂಲವಾಗಿಟ್ಟುಕೊಂಡು ಆಧಾರನ್ನು ಅದಕ್ಕೆ ಹೊಂದಿಸಿ, ಆಮೇಲೆ ಅರ್ಜಿ ಹಾಕಿ. ಗಂಡನ ಹೆಸರನ್ನು ಅಂಕಪಟ್ಟಿಗೆ ತರುವ ಆಸೆ ಬೇಡ. ಮುಕ್ತ ವಿವಿ, ಇಗ್ನೋ ಸೇರಲು ಈಗ ಡಿಇಬಿ ಐಡಿ (ಯುಜಿಸಿ ದೂರ ಶಿಕ್ಷಣ ವಿಭಾಗದ ಗುರುತು ಸಂಖ್ಯೆ) ಮತ್ತು ಎಬಿಸಿ ಐಡಿ (ಓದಿನ ಕ್ರೆಡಿಟ್ ಜಮೆಯಾಗುವ ಡಿಜಿಟಲ್ ಖಾತೆಯ ಸಂಖ್ಯೆ) ಕಡ್ಡಾಯ. ಅವು ಆಧಾರ್ ವಿವರದ ಮೇಲೆ ನಿಂತಿರುವುದರಿಂದ ಇನಿಷಿಯಲ್ಲಿನ ಒಂದು ಚುಕ್ಕಿಯ ವ್ಯತ್ಯಾಸಕ್ಕೂ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ನಿಮ್ಮ ಕೈಯಲ್ಲೇ ಇರಲಿ. ಒಟಿಪಿ ಟ್ಯುಟೋರಿಯಲ್‌ನವರ ಫೋನಿಗೆ ಹೋಗುವಂತೆ ಮಾಡಿಕೊಂಡವರು ಹಾಲ್ ಟಿಕೆಟಿಗೂ ಅವರ ಬಾಗಿಲು ಕಾಯಬೇಕಾಗುತ್ತದೆ.

ಟ್ಯುಟೋರಿಯಲ್ ಬೇಕೇ ಎಂದರೆ, ಪಾಠಕ್ಕೆ ಬೇಕಾಗಬಹುದು, ಪ್ರವೇಶಕ್ಕೆ ಬೇಡ. ‘ಪರೀಕ್ಷೆ ಬರೆಯದೆ ಪಾಸು’, ‘ಒಂದೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ’ ಎಂಬ ನಾಮಫಲಕಗಳ ಹಿಂದೆ ಹೆಚ್ಚಾಗಿ ಇರುವುದು ಎಲ್ಲೋ ದೂರದ ರಾಜ್ಯದ, ಹೆಸರಲ್ಲಿ ಮಾತ್ರ ‘ಮುಕ್ತ ಶಾಲಾ ಮಂಡಳಿ’ ಎಂದಿರುವ ಸಂಸ್ಥೆ. ದುಡ್ಡು ಕೊಡುವ ಮೊದಲು ಆ ಬೋರ್ಡಿನ ಪೂರ್ತಿ ಹೆಸರನ್ನು ಬರೆಸಿಕೊಂಡು ಶಾಲಾ ಮಂಡಳಿಗಳ ಒಕ್ಕೂಟ ಕಾಬ್ಸೆಯ ಸದಸ್ಯರ ಪಟ್ಟಿಯಲ್ಲಿ ಹುಡುಕಿ. ಹೆಸರಿನಲ್ಲಿ ಒಂದೇ ಪದ ಹಿಂದುಮುಂದಾಗಿದ್ದರೂ ಅದು ಬೇರೆಯೇ ಸಂಸ್ಥೆ. ಶುಲ್ಕವನ್ನು ಸರ್ಕಾರಿ ಜಾಲತಾಣದಲ್ಲಿ ನೀವೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ; ಪಾಠದ ಫೀಸನ್ನು ಬೇಕಿದ್ದರೆ ತಿಂಗಳು ತಿಂಗಳು ಕೊಡಿ, ಪೂರ್ತಿ ಮುಂಗಡ ಬೇಡ. ಮೂಲ ಅಂಕಪಟ್ಟಿ, ಟಿಸಿಯನ್ನು ಯಾರ ಕೈಗೂ ಬಿಟ್ಟು ಬರಬೇಡಿ. ಪರಿಶೀಲನೆಗೆ ತೋರಿಸಿ, ಜೆರಾಕ್ಸ್ ಕೊಟ್ಟು, ಮೂಲ ಪ್ರತಿ ಹಿಂದಕ್ಕೆ ತನ್ನಿ.